ರಹೀಮ್ ಸಾಬ್, ಸಸಾಕಿ, ಮತ್ತೆ ನಾವು ಮರೆತ ಏಷ್ಯಾದ ಫುಟ್‌ಬಾಲ್ ಕೋಚ್‌ಗಳು

ಏಷ್ಯಾದ ದೊಡ್ಡ ಫುಟ್‌ಬಾಲ್ ಕೋಚ್ ಯಾರು ಅಂತ ಕೇಳಿದ್ರೆ ಇಲ್ಲಿ ಮುಂಬೈನಲ್ಲಿ ನನ್ನ ಜೊತೆ ಮ್ಯಾಚ್ ನೋಡೋ ಹುಡುಗ್ರು ತಕ್ಷಣ ಹೇಳೋ ಹೆಸರು ಗುಸ್ ಹಿಡ್ಡಿಂಕ್. 2002ರಲ್ಲಿ ಕೊರಿಯಾನ ವರ್ಲ್ಡ್ ಕಪ್ ಸೆಮಿಫೈನಲ್‌ವರೆಗೆ ಕರ್ಕೊಂಡು ಹೋದ್ರಲ್ಲ, ಅದಕ್ಕೆ. ಆಮೇಲೆ ಇರಾನ್‌ನಲ್ಲಿದ್ದ ಕೀರೋಜ್ ಅಂತಾರೆ, ಜಪಾನ್‌ನಲ್ಲಿದ್ದ ಜೀಕೊ ಅಂತಾರೆ. ದೊಡ್ಡವರೇ ಎಲ್ಲರೂ, ನಾನೇನೂ ಇಲ್ಲ ಅನ್ನಲ್ಲ, ಆದ್ರೆ ಅವರ್ಯಾರೂ ಏಷ್ಯಾದವರಲ್ಲ, ಏಷ್ಯಾಕ್ಕೆ ಕೆಲಸಕ್ಕೆ ಬಂದವರು. ಇಲ್ಲೇ ಹುಟ್ಟಿ, ಇಲ್ಲೇ ಆಡಿ, ಇಲ್ಲಿನ ಹುಡುಗರಿಗೇ ಕಲಿಸಿ ಗೆದ್ದವರ ಹೆಸರು ಹೇಳಿ ಅಂದ್ರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತಾರೆ. ಇದು ನಂಗೆ ತುಂಬಾ ಬೇಜಾರಿನ ವಿಷ್ಯ, ಯಾಕಂದ್ರೆ ಆ ಪಟ್ಟಿ ಚಿಕ್ಕದೇನಲ್ಲ, ಮತ್ತೆ ನನ್ನ ಪ್ರಕಾರ ಅದ್ರಲ್ಲಿ ಮೊದಲನೇ ಹೆಸರು ನಮ್ಮ ಪಕ್ಕದ ಹೈದರಾಬಾದ್‌ನವರದು.

ಕೋಚ್ ಎಷ್ಟು ದೊಡ್ಡವರು ಅಂತ ನೋಡೋಕೆ ನಾನು ಎರಡು ಪ್ರಶ್ನೆ ಕೇಳ್ಕೋತೀನಿ. ಟೀಮ್ ಕೈಗೆ ಸಿಕ್ಕಾಗ ಯಾವ ಸ್ಥಿತಿಯಲ್ಲಿತ್ತು? ಅವರು ಹೋದ್ಮೇಲೆ ಏನು ಉಳೀತು? ಕಪ್‌ಗಳ ಲೆಕ್ಕ ಆಮೇಲೆ.

ಸಯ್ಯದ್ ಅಬ್ದುಲ್ ರಹೀಮ್. ಎಲ್ಲರೂ ರಹೀಮ್ ಸಾಬ್ ಅಂತಿದ್ರು. 1909ರಲ್ಲಿ ಹುಟ್ಟಿದವರು, ಕೆಲಸ ಮೇಷ್ಟ್ರದು, ಮೇಷ್ಟ್ರಾಗಿದ್ದುಕೊಂಡೇ 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ ಸೆಕ್ರೆಟರಿ ಆದ್ರು, 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ಟೀಮಿನ ಕೋಚ್ ಆದ್ರು. ಆ ಟೀಮ್ ಇಲ್ಲಿ ಮುಂಬೈಗೆ ಬಂದು ರೋವರ್ಸ್ ಕಪ್‌ನ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಗೆದ್ಕೊಂಡು ಹೋಯ್ತು. ರೋವರ್ಸ್ ಕಪ್ ಅಂದ್ರೆ 1891ರಲ್ಲಿ ಶುರುವಾದ ಟೂರ್ನಮೆಂಟ್, ಮೊದಲೆಲ್ಲ ಬ್ರಿಟಿಷ್ ಸೈನ್ಯದ ಟೀಮುಗಳೇ ಗೆಲ್ತಿದ್ವು, ಅದನ್ನ ಮೊದಲು ಮುರಿದದ್ದು ನಮ್ಮ ಬೆಂಗಳೂರ್ ಮುಸ್ಲಿಮ್ಸ್ ಕ್ಲಬ್, 1937 ಮತ್ತೆ 1938ರಲ್ಲಿ. ಕನ್ನಡದವರು ಎಷ್ಟು ಜನಕ್ಕೆ ಇದು ಗೊತ್ತು ಹೇಳಿ? 1948ರಲ್ಲಿ ಇನ್ನೊಂದು ಸಲ ಗೆದ್ರು. ಅದಾಗಿ ಎರಡೇ ವರ್ಷಕ್ಕೆ ರಹೀಮ್ ಸಾಬ್ ಕಾಲ ಶುರುವಾಯ್ತು.

ನಮ್ಮ ದೊಡ್ಡಪ್ಪ ಆ ಮ್ಯಾಚುಗಳನ್ನ ಕೂಪರೇಜ್‌ನಲ್ಲಿ ನೋಡಿದವರು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟ್ಲಲ್ಲಿ ಕೆಲಸಕ್ಕೆ ಸೇರ್ಕೊಂಡು, ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಮೆಟ್ರಿಕ್ ಮಾಡಿದವರು, ಮಧ್ಯಾಹ್ನ ಊಟದ ಗಿರಾಕಿ ಮುಗಿದು ಸಂಜೆ ತಿಂಡಿ ಶುರುವಾಗೋ ಮುಂಚೆ ಸಿಗ್ತಿದ್ದ ಬಿಡುವಲ್ಲಿ ನಡ್ಕೊಂಡೇ ಗ್ರೌಂಡಿಗೆ ಹೋಗ್ತಿದ್ರಂತೆ. ಅವರು ಹೇಳ್ತಿದ್ದ ಒಂದು ಮಾತು ನಂಗೆ ಚೆನ್ನಾಗಿ ನೆನಪಿದೆ: ಬೇರೆ ಟೀಮಲ್ಲಿ ಚೆಂಡು ಸಿಕ್ಕವನು ಓಡ್ತಿದ್ದ, ಪೊಲೀಸ್ ಟೀಮಲ್ಲಿ ಚೆಂಡು ಇಲ್ಲದವನು ಓಡ್ತಿದ್ದ. ಇದನ್ನ ಹೇಳೋವಾಗ ದೊಡ್ಡಪ್ಪಂಗೆ ಕೋಚ್ ಹೆಸರೂ ಗೊತ್ತಿರ್ಲಿಲ್ಲ, ನಾನು ದೊಡ್ಡವನಾದ್ಮೇಲೆ ರಹೀಮ್ ಸಾಬ್ ಬಗ್ಗೆ ಓದ್ದಾಗ ಅಲ್ಲಿ ಸಿಕ್ಕಿದ್ದೂ ಅದೇ. ಹುಡುಗರಿಗೆ ಡ್ರಿಬ್ಲಿಂಗ್ ಮಾಡಂಗೇ ಇಲ್ಲ ಅನ್ನೋ ನಿಯಮ ಇಟ್ಟು ಟೂರ್ನಮೆಂಟ್ ನಡೆಸ್ತಿದ್ರು, ಅಂದ್ರೆ ಚೆಂಡು ಬಂದ ಕೂಡ್ಲೇ ಪಾಸ್ ಕೊಡ್ಲೇಬೇಕು, ಕೊಡ್ಬೇಕಂದ್ರೆ ಇನ್ನೊಬ್ಬ ಬಂದು ಜಾಗದಲ್ಲಿ ನಿಂತಿರ್ಬೇಕು. ಇನ್ನೊಂದು ಟೂರ್ನಮೆಂಟಲ್ಲಿ ಅಭ್ಯಾಸ ಇಲ್ಲದ ಕಾಲಲ್ಲೇ ಆಡ್ಬೇಕು, ಬಲಗಾಲಿನವನಿಗೆ ಎಡಗಾಲು. ದುಡ್ಡಿಲ್ಲ, ಜಿಮ್ ಇಲ್ಲ, ವಿಡಿಯೊ ಇಲ್ಲ, ಒಂದು ನಿಯಮ ಬದಲಾಯಿಸಿ ಹುಡುಗರ ತಲೆಯೇ ಬದಲಾಯಿಸೋದು, ಇದು ಮೇಷ್ಟ್ರ ಬುದ್ಧಿ ಅಲ್ದೆ ಇನ್ನೇನು.

ಭಾರತ ತಂಡಕ್ಕೆ ಬಂದಾಗ ಸ್ಥಿತಿ ಹೇಗಿತ್ತು ಅಂದ್ರೆ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡ್ತಿದ್ರು. 1951ರ ದೆಹಲಿ ಏಷ್ಯನ್ ಗೇಮ್ಸಲ್ಲಿ ಇರಾನ್ ಮೇಲೆ ಮೇವಾಲಾಲ್ ಗೋಲು ಹೊಡೆದು 1-0, ಚಿನ್ನ. ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಯುಗೊಸ್ಲಾವಿಯಾ ಕೈಲಿ 10-1. ಆ ಸೋಲಾದ್ಮೇಲೇ ಬೂಟ್ ಕಡ್ಡಾಯ ಆಯ್ತು. ಅಲ್ಲಿಂದ ನಾಲ್ಕೇ ವರ್ಷ ನೋಡಿ, 1956ರ ಮೆಲ್ಬರ್ನ್ ಒಲಿಂಪಿಕ್ಸಲ್ಲಿ ಆಸ್ಟ್ರೇಲಿಯಾನ ಅವರ ಊರಲ್ಲೇ 4-2ರಿಂದ ಸೋಲಿಸಿ ಸೆಮಿಫೈನಲ್, ಏಷ್ಯಾದ ಯಾವ ಟೀಮೂ ಅಲ್ಲೀವರೆಗೆ ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಅಷ್ಟು ದೂರ ಹೋಗಿರ್ಲಿಲ್ಲ. ಆ ದಿನ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ನಮ್ಮ ಮುಂಬೈನಲ್ಲಿ ಕ್ಲಬ್ ಆಡ್ತಿದ್ದ ಗೋವಾ ಮೂಲದವರು, ಒಲಿಂಪಿಕ್ಸಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯನ್. ಸೆಮಿಫೈನಲಲ್ಲಿ ಅದೇ ಯುಗೊಸ್ಲಾವಿಯಾ ಸಿಕ್ತು, ಮೊದಲ ಗೋಲು ಹೊಡೆದದ್ದು ಇದೇ ನೆವಿಲ್, ಕೊನೆಗೆ 4-1ರಿಂದ ಸೋತ್ವಿ, ಆದ್ರೆ 10-1 ಎಲ್ಲಿ, ಇದು ಎಲ್ಲಿ.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಕಥೆ ಎಷ್ಟು ಸಲ ಹೇಳಿದ್ರೂ ನಂಗೆ ಸಾಕಾಗಲ್ಲ. ರಹೀಮ್ ಸಾಬ್‌ಗೆ ಆಗ ಶ್ವಾಸಕೋಶದ ಕ್ಯಾನ್ಸರ್. ಮೊದಲ ಮ್ಯಾಚಲ್ಲೇ ದಕ್ಷಿಣ ಕೊರಿಯಾ ಮೇಲೆ 2-0 ಸೋಲು. ಇಸ್ರೇಲ್ ಮತ್ತೆ ತೈವಾನ್‌ನ ಇಂಡೊನೇಷ್ಯಾ ಒಳಗೆ ಬಿಡ್ಲಿಲ್ಲ ಅಂತ ನಮ್ಮ ದೇಶದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದ್ರು, ಅದ್ರಿಂದ ಅಲ್ಲಿನ ಜನಕ್ಕೆ ಭಾರತದ ಮೇಲೆ ಕೆಂಡಾಮಂಡಲ ಸಿಟ್ಟು, ನಮ್ಮವರು ಎಲ್ಲಿ ಹೋದ್ರೂ ಬೈಗುಳ. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು, ಹೊಲಿಗೆ ಬೇರೆ ಹಾಕಿತ್ತು. ಹಿಂದೆ ನಿಂತು ಹೆಡ್ ಮಾಡೋಕೆ ಕಷ್ಟ ಅಂತ ಬೇರೆ ಯಾವ ಕೋಚ್ ಆದ್ರೂ ಅವರನ್ನ ಕೂರಿಸ್ತಿದ್ರು, ರಹೀಮ್ ಸಾಬ್ ಅವರನ್ನ ಸೆಂಟರ್ ಫಾರ್ವರ್ಡ್ ಮಾಡಿದ್ರು! ಸೆಮಿಫೈನಲಲ್ಲಿ ದಕ್ಷಿಣ ವಿಯೆಟ್ನಾಂ ಮೇಲೆ 3-2ರಲ್ಲಿ ಜರ್ನೈಲ್ ಗೋಲು ಹೊಡೆದ್ರು, ಫೈನಲಲ್ಲಿ ಅದೇ ಕೊರಿಯಾ ಮೇಲೆ ಮೊದಲು ಪಿ.ಕೆ. ಬ್ಯಾನರ್ಜಿ, ಹಿಂದೆಯೇ ಮತ್ತೆ ಜರ್ನೈಲ್, 2-1. ಒಂದು ಲಕ್ಷದ ಹತ್ತಿರ ಜನ ವಿರುದ್ಧವಾಗಿ ಕೂಗ್ತಿರೋ ಸ್ಟೇಡಿಯಂನಲ್ಲಿ. ಹಿಂದಿನ ರಾತ್ರಿ ರಹೀಮ್ ಸಾಬ್ ಹುಡುಗರನ್ನ ಕರೆದು ನಂಗೆ ಒಂದೇ ಒಂದು ಉಡುಗೊರೆ ಬೇಕು, ಆ ಚಿನ್ನ, ಅಂದಿದ್ರಂತೆ, ಆಟಗಾರರು ಆಮೇಲೆ ಎಷ್ಟೋ ಸಲ ಇದನ್ನ ನೆನೆಸ್ಕೊಂಡಿದ್ದಾರೆ. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ರು, ಮುಂಬೈ ಟಾಟಾ ಟೀಮಿನ ಫ್ರಾಂಕೊ ಇದ್ರು, ಇಲ್ಲಿನ ಕಾಲ್ಟೆಕ್ಸ್‌ಗೆ ಆಡ್ತಿದ್ದ ಕೇರಳದ ಚಂದ್ರಶೇಖರ್ ಇದ್ರು. 1963ರ ಜೂನ್‌ನಲ್ಲಿ ರಹೀಮ್ ಸಾಬ್ ತೀರ್ಕೊಂಡ್ರು. ಅಲ್ಲಿಂದ ಇಲ್ಲೀವರೆಗೆ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ನಮಗೆ ಮತ್ತೆ ಬಂದಿಲ್ಲ.

ನನ್ನ ಎರಡನೇ ಪ್ರಶ್ನೆಗೆ ಇಲ್ಲಿ ಉತ್ತರ ಕೊಡೋಕೆ ಹೊಟ್ಟೆ ಉರಿಯುತ್ತೆ. ಅವರು ಹೋದ್ಮೇಲೆ ಏನು ಉಳೀತು? ಅವರ ಮಗ ಸಯ್ಯದ್ ಶಾಹಿದ್ ಹಕೀಮ್ ಇದ್ರು, 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ರೆಫ್ರಿ ಆದ್ರು, ಕೋಚ್ ಆದ್ರು, 2021ರಲ್ಲಿ ನಮ್ಮ ಕಲಬುರಗಿಯಲ್ಲೇ ತೀರ್ಕೊಂಡ್ರು. ಪಿ.ಕೆ. ಕೋಚ್ ಆಗಿ ದೊಡ್ಡ ಹೆಸರು ಮಾಡಿದ್ರು. ಆದ್ರೆ ರಹೀಮ್ ಸಾಬ್ ಕಲಿಸಿದ ರೀತಿಯನ್ನ ಒಂದು ವ್ಯವಸ್ಥೆ ಮಾಡಿ, ಪುಸ್ತಕ ಮಾಡಿ, ಪ್ರತಿ ಜಿಲ್ಲೆಗೆ ಕಳಿಸಿ, ಮುಂದಿನ ಕೋಚ್‌ಗಳಿಗೆ ಪಾಠ ಮಾಡ್ಬೇಕಿತ್ತಲ್ಲ, ಅದನ್ನ ನಾವು ಮಾಡ್ಲಿಲ್ಲ. ತಪ್ಪು ಅವರದ್ದಲ್ಲ, ಅದಕ್ಕೇ ಅವರನ್ನ ಮೊದಲನೇ ಸ್ಥಾನದಿಂದ ನಾನು ಇಳಿಸಲ್ಲ.

ಅವರಷ್ಟೇ ಗೌರವ ನಂಗೆ ಇರೋ ಇನ್ನೊಬ್ಬರು ಇರಾಕ್‌ನ ಅಮ್ಮೊ ಬಾಬಾ. ಅಸ್ಸೀರಿಯನ್ ಕ್ರಿಶ್ಚಿಯನ್ ಮನೆತನದವರು, ಇಮ್ಯಾನುಯೆಲ್ ಬಾಬಾ ದಾವೂದ್ ಅಂತ ಪೂರ್ತಿ ಹೆಸರು, ಆಟಗಾರನಾಗಿ ಇರಾಕ್ ತಂಡದ ಮೊಟ್ಟಮೊದಲ ಅಂತಾರಾಷ್ಟ್ರೀಯ ಗೋಲು ಹೊಡೆದವರೂ ಅವರೇ. ಕೋಚ್ ಆಗಿ ಗಲ್ಫ್ ಕಪ್ ಮೂರು ಸಲ, 1979, 1984, 1988. 1982ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು ನಮ್ಮ ದೆಹಲಿಯಲ್ಲೇ, ಕುವೈತ್ ಮೇಲೆ 1-0. ದೇಶ ಆಗ ಇರಾನ್ ಜೊತೆ ಯುದ್ಧದಲ್ಲಿತ್ತು. 1984 ಲಾಸ್ ಏಂಜಲೀಸ್, 1988 ಸೋಲ್, ಎರಡೂ ಒಲಿಂಪಿಕ್ಸಿಗೆ ಟೀಮ್ ಹೋಯ್ತು. ಸದ್ದಾಮ್ ಮಗ ಉದಯ್ ಕೈಲಿ ಇರಾಕ್ ಕ್ರೀಡೆ ಸಿಕ್ಕಿಬಿದ್ದಿದ್ದ ಕಾಲ ಅದು, ಸೋತ್ರೆ ಆಟಗಾರರಿಗೆ ಜೈಲು, ಹೊಡೆತ. ಅಂಥ ಕಡೆ ಕೋಚ್ ಆಗಿರೋದು, ಉದಯ್‌ಗೆ ಎದುರು ಮಾತಾಡೋದು, ಕೆಲಸ ಕಳ್ಕೊಳ್ಳೋದು, ಮತ್ತೆ ಅವರೇ ಕರೆಯೋದು, ಹೀಗೇ ನಡೀತು ಅವರ ಜೀವನ. ಕೊನೆ ವರ್ಷಗಳಲ್ಲಿ ಬಾಗ್ದಾದ್‌ನಲ್ಲಿ ಚಿಕ್ಕ ಮಕ್ಕಳಿಗೆ ಫುಟ್‌ಬಾಲ್ ಶಾಲೆ ನಡೆಸ್ತಿದ್ರು, ಹೊರಗೆ ಬಾಂಬ್ ಬೀಳ್ತಿದ್ದ ಕಾಲದಲ್ಲಿ. 2009ರಲ್ಲಿ ಹೋದಾಗ ಅವರನ್ನ ಅಲ್ ಶಾಬ್ ಸ್ಟೇಡಿಯಂನಲ್ಲೇ ಮಣ್ಣು ಮಾಡಿದ್ರು. ಒಬ್ಬ ಕೋಚ್‌ಗೆ ದೇಶ ಇದಕ್ಕಿಂತ ಹೆಚ್ಚು ಏನು ಕೊಡೋಕಾಗುತ್ತೆ.

ಪಶ್ಚಿಮ ಏಷ್ಯಾದಲ್ಲಿ ಇನ್ನೂ ಮೂರು ಜನ ಇದ್ದಾರೆ, ಬೇಗ ಹೇಳಿ ಮುಂದೆ ಹೋಗ್ತೀನಿ. ಇರಾನ್‌ನ ಹೆಷ್ಮತ್ ಮೊಹಾಜೆರಾನಿ 1976ರಲ್ಲಿ ಏಷ್ಯನ್ ಕಪ್ ಗೆದ್ರು, ಅದೇ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸಲ್ಲಿ ಕ್ವಾರ್ಟರ್ ಫೈನಲ್, 1978ರಲ್ಲಿ ಇರಾನ್‌ನ ಮೊದಲ ಸಲ ವರ್ಲ್ಡ್ ಕಪ್‌ಗೆ ಕರ್ಕೊಂಡು ಹೋಗಿ ಸ್ಕಾಟ್ಲೆಂಡ್ ಜೊತೆ 1-1 ಮಾಡ್ಕೊಂಡ್ರು. ಸೌದಿಯ ಖಲೀಲ್ ಅಲ್ ಜಯಾನಿ ಕಥೆ ಇನ್ನೂ ಚೆಂದ, ಅಲ್ ಇತ್ತಿಫಾಕ್ ಕ್ಲಬ್‌ನ ಒಂದು ಮ್ಯಾಚೂ ಸೋಲ್ದೆ ಲೀಗ್ ಗೆಲ್ಲಿಸಿದವರು, 1984ರಲ್ಲಿ ಬ್ರೆಜಿಲ್‌ನ ಜಗಾಲೊ ಜಾಗಕ್ಕೆ ಅವಸರದಲ್ಲಿ ಇವರನ್ನ ತಂದ್ರು, ಅದೇ ವರ್ಷದ ಕೊನೆಗೆ ಸಿಂಗಾಪುರದಲ್ಲಿ ಚೀನಾನ 2-0 ಹೊಡೆದು ಸೌದಿಗೆ ಮೊದಲ ಏಷ್ಯನ್ ಕಪ್ ತಂದುಕೊಟ್ರು. ಜಗಾಲೊ ಅಂದ್ರೆ ಕೋಚ್ ಆಗಿ 1970ರ ವರ್ಲ್ಡ್ ಕಪ್ ಗೆದ್ದ ಮನುಷ್ಯ! ಅವರು ಬಿಟ್ಟು ಹೋದ ಕುರ್ಚಿಯಲ್ಲಿ ಕೂತು ಒಬ್ಬ ಲೋಕಲ್ ಕೋಚ್ ಗೆಲ್ಲೋದು ಸಣ್ಣ ವಿಷ್ಯ ಅಲ್ಲ. ಯುಎಇಯ ಮಹದಿ ಅಲಿ 2008ರಲ್ಲಿ ಅಂಡರ್ 19 ಹುಡುಗರ ಜೊತೆ ಏಷ್ಯಾ ಗೆದ್ದು, ಹೆಚ್ಚುಕಡಿಮೆ ಅದೇ ಹುಡುಗರನ್ನ ಬೆಳೆಸ್ಕೊಂಡು 2012ರ ಲಂಡನ್ ಒಲಿಂಪಿಕ್ಸಿಗೆ, 2013ರ ಗಲ್ಫ್ ಕಪ್‌ಗೆ, 2015ರ ಏಷ್ಯನ್ ಕಪ್‌ನ ಮೂರನೇ ಸ್ಥಾನಕ್ಕೆ ತಂದ್ರು. ಒಂದೇ ಗುಂಪಿನ ಜೊತೆ ಏಳು ವರ್ಷ. ನಮ್ಮಲ್ಲಿ ಯಾರಿಗಾದ್ರೂ ಅಷ್ಟು ಟೈಮ್ ಕೊಟ್ಟಿದ್ದೀವಾ?

ಕೊರಿಯಾದವರ ಬಗ್ಗೆ ಹೇಳ್ಬೇಕಂದ್ರೆ ನಂಗೆ ಮೊದಲು ನೆನಪಾಗೋದು ಚೊಯ್ ಕಾಂಗ್ ಹೀ. 2005ರಲ್ಲಿ ಜಿಯೊನ್‌ಬುಕ್‌ಗೆ ಬಂದ್ರು, ಆಗ ಆ ಕ್ಲಬ್ ಒಂದು ಸಲವೂ ಲೀಗ್ ಗೆದ್ದಿರ್ಲಿಲ್ಲ. ಮಾರನೇ ವರ್ಷವೇ ಏಷ್ಯನ್ ಚಾಂಪಿಯನ್ಸ್ ಲೀಗ್, ಆಮೇಲೆ 2009ರಿಂದ 2018ರೊಳಗೆ ಆರು ಲೀಗ್, ಮಧ್ಯೆ 2016ರಲ್ಲಿ ಇನ್ನೊಂದು ಚಾಂಪಿಯನ್ಸ್ ಲೀಗ್. ಕ್ಲಬ್‌ನ ಕ್ಯಾಂಪ್ ಇರೋ ಬೊಂಗ್‌ಡಾಂಗ್ ಅನ್ನೋ ಹಳ್ಳಿ ಹೆಸರಿಟ್ಟು ಜನ ಅವರನ್ನ ಬೊಂಗ್‌ಡಾಂಗ್ ಊರಿನ ಯಜಮಾನ್ರು ಅಂತಲೇ ಕರೀತಿದ್ರು. ಮಧ್ಯದಲ್ಲಿ ದೇಶದ ತಂಡದವರು ಕರೆದಾಗ ವರ್ಲ್ಡ್ ಕಪ್‌ಗೆ ಕ್ವಾಲಿಫೈ ಮಾಡಿಸಿ ವಾಪಸ್ ಹೋಗ್ತೀನಿ ಅಂದ್ರು, 2013ರಲ್ಲಿ ಕ್ವಾಲಿಫೈ ಮಾಡ್ಸಿದ್ರು, ಹೇಳಿದ ಹಾಗೇ ಕ್ಲಬ್‌ಗೆ ಹೋದ್ರು. ಬ್ರೆಜಿಲ್ ವರ್ಲ್ಡ್ ಕಪ್ ಬೆಂಚಿನ ಮೇಲೆ ಕೂರೋ ಅವಕಾಶ ಯಾರು ಬಿಡ್ತಾರೆ ಹೇಳಿ.

ಹುಹ್ ಜಂಗ್ ಮೂ 1986ರಲ್ಲಿ ಆಟಗಾರನಾಗಿ ಮರಡೋನಾ ಕಾಲಿಗೆ ಜಾಡಿಸಿದವರು, ಆ ಫೋಟೊ ಇವತ್ತಿಗೂ ಓಡಾಡುತ್ತೆ. 2010ರ ವರ್ಲ್ಡ್ ಕಪ್‌ನಲ್ಲಿ ಅವರೂ ಕೋಚ್, ಮರಡೋನಾನೂ ಕೋಚ್, ಒಂದೇ ಗ್ರೂಪ್. ಆ ಮ್ಯಾಚ್ ಕೊರಿಯಾ 4-1ರಿಂದ ಸೋತ್ರೂ ಗ್ರೀಸ್ ಮೇಲೆ ಗೆದ್ದು, ನೈಜೀರಿಯಾ ಜೊತೆ ಡ್ರಾ ಮಾಡಿ 16ರ ಘಟ್ಟಕ್ಕೆ ಹೋಯ್ತು. ತವರಿನ ಹೊರಗೆ ಕೊರಿಯಾ ಅಲ್ಲೀವರೆಗೆ ಹೋದದ್ದು ಅದೇ ಮೊದಲು, ಅದೂ ಕೊರಿಯಾದ ಕೋಚ್ ಕೈಲಿ. ಹಿಡ್ಡಿಂಕ್ ಹೆಸರು ಹೇಳೋರು ಇದನ್ನೂ ಒಂದ್ಸಲ ಹೇಳ್ಲಿ.

ಮತ್ತೆ ಹಿಡ್ಡಿಂಕ್ ಪಕ್ಕದಲ್ಲೇ 2002ರಲ್ಲಿ ಅಸಿಸ್ಟೆಂಟ್ ಆಗಿ ಕೂತಿದ್ದ ಪಾರ್ಕ್ ಹಾಂಗ್ ಸಿಯೊ! ಮನೇಲಿ ಕೂರೋ ವಯಸ್ಸು ಬಂತು ಅಂತ ಎಲ್ಲರೂ ಅಂದ್ಕೊಂಡಿರೋವಾಗ 2017ರಲ್ಲಿ ವಿಯೆಟ್ನಾಂಗೆ ಹೋದ್ರು. ಮೂರು ತಿಂಗಳಲ್ಲಿ ಅಂಡರ್ 23 ಏಷ್ಯನ್ ಟೂರ್ನಿಯ ಫೈನಲ್, ಚೀನಾದ ಚಾಂಗ್‌ಜೌನಲ್ಲಿ ಹಿಮ ಬೀಳ್ತಿದೆ, ಹಿಮವನ್ನೇ ಕಂಡಿರದ ಹುಡುಗರು ಎಕ್ಸ್ಟ್ರಾ ಟೈಮ್ ಕೊನೆವರೆಗೂ ಉಜ್ಬೇಕಿಸ್ತಾನ್ ಜೊತೆ ಕಾದಾಡಿ ಸೋತ್ರು. 2018ರ ಕೊನೆಗೆ ಆಗ್ನೇಯ ಏಷ್ಯಾ ಕಪ್ ಗೆದ್ರು, 2019ರ ಜನವರಿಯಲ್ಲಿ ಏಷ್ಯನ್ ಕಪ್ ಕ್ವಾರ್ಟರ್ ಫೈನಲ್, ವರ್ಷದ ಕೊನೆಗೆ ಆಗ್ನೇಯ ಏಷ್ಯಾ ದೇಶಗಳ ಸೀ ಗೇಮ್ಸ್ ಚಿನ್ನ, ಆ ಫೈನಲಲ್ಲಿ ರೆಫ್ರಿ ಜೊತೆ ಜಗಳ ಆಡಿ ಇವರಿಗೇ ರೆಡ್ ಕಾರ್ಡ್. ತನ್ನ ಹುಡುಗನಿಗೆ ಫೌಲ್ ಆಗಿದ್ದನ್ನ ನೋಡ್ಕೊಂಡು ಸುಮ್ನೆ ಕೂರೋ ಮನುಷ್ಯ ಅಲ್ಲ. ಆಟಗಾರನೊಬ್ಬನ ಪಾದವನ್ನ ತಾವೇ ಕೂತು ತಿಕ್ತಿರೋ ವಿಡಿಯೊ ವಿಯೆಟ್ನಾಂ ಪೂರ್ತಿ ಹರಡಿತ್ತು, ನಾನೂ ಎಷ್ಟು ಸಲ ನೋಡಿದ್ದೀನೋ. 2022ರ ಫೆಬ್ರವರಿ 1, ಅವರ ಚಾಂದ್ರಮಾನ ಹೊಸ ವರ್ಷದ ಮೊದಲ ದಿನ, ವರ್ಲ್ಡ್ ಕಪ್ ಕ್ವಾಲಿಫೈಯರ್‌ನಲ್ಲಿ ಚೀನಾ ಮೇಲೆ 3-1. ಹನೋಯ್ ರಸ್ತೆಗಳಲ್ಲಿ ಜನ ಹೇಗೆ ಕುಣಿದಿರ್ಬೇಕು ಅಂತ ಅಂದಾಜು ಮಾಡ್ಕೊಳ್ಳಿ.

ಜಪಾನ್‌ಗೆ ಬಂದ್ರೆ ನನ್ನ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತೆ. ತಾಕೇಶಿ ಒಕಾಡಾ 1997ರಲ್ಲಿ ಅಸಿಸ್ಟೆಂಟ್, ಒಂದು ಟೀಮಿಗೂ ಮುಖ್ಯ ಕೋಚ್ ಆಗಿದ್ದವರಲ್ಲ, 41 ವರ್ಷ. ಕಜಕಸ್ತಾನ್ ಜೊತೆ ಡ್ರಾ ಆಗಿ ಮುಖ್ಯ ಕೋಚ್‌ನ ಅಲ್ಲೇ ತೆಗೆದುಹಾಕಿದ್ರು, ಟೂರ್ ಮಧ್ಯದಲ್ಲೇ ನೀನೇ ನೋಡ್ಕೊ ಅಂದ್ರು. ನವೆಂಬರ್‌ನಲ್ಲಿ ಮಲೇಷ್ಯಾದ ಜೊಹೋರ್ ಬಾರುನಲ್ಲಿ ಇರಾನ್ ಮೇಲೆ ಗೋಲ್ಡನ್ ಗೋಲ್‌ನಲ್ಲಿ (ಎಕ್ಸ್ಟ್ರಾ ಟೈಮಲ್ಲಿ ಮೊದಲು ಹೊಡೆದವರೇ ಗೆದ್ದ ಹಾಗೆ) 3-2, ಜಪಾನ್ ಮೊದಲ ಸಲ ವರ್ಲ್ಡ್ ಕಪ್‌ಗೆ. ಆಮೇಲೆ ದೇಶದ ಕಣ್ಮಣಿ ಕಜು ಮಿಯುರಾನ ತಂಡದಿಂದ ಬಿಟ್ಟಾಗ ಜನ ಎಷ್ಟು ಉರಿದ್ರು, 1998ರಲ್ಲಿ ಮೂರಕ್ಕೆ ಮೂರೂ ಮ್ಯಾಚ್ ಸೋತ್ರು. ಇಲ್ಲಿಗೆ ಮುಗೀತು ಅನ್ಕೋಬೇಕು ಅಲ್ವಾ? ಅವರು ಹೋಗಿ ಎರಡನೇ ದರ್ಜೆಯ ಸಪ್ಪೊರೊ ಟೀಮ್ ಹಿಡಿದು ಮೇಲಕ್ಕೆ ತಂದ್ರು, ಯೊಕೊಹಾಮಾ ಎಫ್ ಮರಿನೋಸ್‌ಗೆ 2003, 2004 ಎರಡೂ ವರ್ಷ ಲೀಗ್ ಗೆದ್ದುಕೊಟ್ರು, 2007ರಲ್ಲಿ ದೇಶದ ಕೋಚ್ ಒಸಿಮ್‌ಗೆ ಸ್ಟ್ರೋಕ್ ಆದಾಗ ಮತ್ತೆ ಇವರನ್ನೇ ಕರೆದ್ರು, 2010ರಲ್ಲಿ ಕ್ಯಾಮರೂನ್, ಡೆನ್ಮಾರ್ಕ್ ಎರಡನ್ನೂ ಸೋಲಿಸಿ 16ರ ಘಟ್ಟಕ್ಕೆ ಹೋಗಿ ಪರಾಗ್ವೆ ಮೇಲೆ ಪೆನಾಲ್ಟಿಯಲ್ಲಿ ಹೊರಗೆ ಬಂದ್ರು. ನಂಗೆ ಇದೆಲ್ಲಕ್ಕಿಂತ ಇಷ್ಟ ಆಗೋದು ಅವರು ಆಮೇಲೆ ಮಾಡಿದ್ದು. 2014ರಲ್ಲಿ ಶಿಕೊಕು ದ್ವೀಪದ ಇಮಾಬಾರಿ ಅನ್ನೋ ಸಣ್ಣ ಊರಿನ ಕ್ಲಬ್ ತಗೊಂಡ್ರು, ಆಗ ಅದು ಪ್ರಾದೇಶಿಕ ಲೀಗಲ್ಲಿ ಆಡ್ತಿತ್ತು, ಒಂದೊಂದೇ ಮೆಟ್ಟಿಲು ಹತ್ತಿ 2025ರಲ್ಲಿ ಆ ಕ್ಲಬ್ ಜಪಾನ್‌ನ ಎರಡನೇ ದರ್ಜೆ ಲೀಗಿಗೆ ಬಂತು.

ಅಕಿರಾ ನಿಶಿನೊ 1996ರ ಒಲಿಂಪಿಕ್ಸಲ್ಲಿ ರೊನಾಲ್ಡೊ, ರಿವಾಲ್ಡೊ, ಬೆಬೆಟೊ ಇದ್ದ ಬ್ರೆಜಿಲ್‌ನ 1-0 ಸೋಲಿಸಿದವರು, 2008ರಲ್ಲಿ ಗಾಂಬಾ ಒಸಾಕಾಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟವರು, 2018ರಲ್ಲಿ ವರ್ಲ್ಡ್ ಕಪ್‌ಗೆ ಎರಡು ತಿಂಗಳು ಇರೋವಾಗ ಬಂದು ಬೆಲ್ಜಿಯಂ ಮೇಲೆ 2-0 ಮುಂದಿದ್ದು ಕೊನೆ ನಿಮಿಷದಲ್ಲಿ 3-2 ಸೋತವರು. ಆ ರಾತ್ರಿ ಬೆಂಚಲ್ಲಿ ಅಸಿಸ್ಟೆಂಟ್ ಆಗಿದ್ದವರು ಹಜಿಮೆ ಮೊರಿಯಾಸು, ಈಗಿನ ಕೋಚ್. ಹಿರೋಶಿಮಾಗೆ 2012, 2013, 2015ರಲ್ಲಿ ಲೀಗ್ ಗೆದ್ದುಕೊಟ್ಟವರು. 1993ರ ಅಕ್ಟೋಬರ್‌ನಲ್ಲಿ ದೋಹಾದಲ್ಲಿ ಇರಾಕ್ ಇಂಜುರಿ ಟೈಮಲ್ಲಿ ಸಮ ಮಾಡಿ ಜಪಾನ್‌ನ ವರ್ಲ್ಡ್ ಕಪ್ ಕನಸು ಒಡೆದು ಹಾಕಿದಾಗ ಮೈದಾನದಲ್ಲಿ ಆಟಗಾರನಾಗಿ ಇದ್ದವರೂ ಇವರೇ. 2022ರಲ್ಲಿ ಅದೇ ಕತಾರ್‌ನಲ್ಲಿ ಜರ್ಮನಿ ಮೇಲೆ 2-1, ಸ್ಪೇನ್ ಮೇಲೆ 2-1, ಎರಡೂ ಸಲ ಹಾಫ್ ಟೈಮಿಗೆ ಹಿಂದೆ ಇದ್ದು, ಸಬ್‌ಸ್ಟಿಟ್ಯೂಟ್ ಇಳಿಸಿ ಆಟ ತಿರುಗಿಸಿ ಗೆದ್ದದ್ದು. ಕ್ರೊಯೇಷಿಯಾ ಮೇಲೆ ಪೆನಾಲ್ಟಿಯಲ್ಲಿ ಸೋತು ಪ್ರೇಕ್ಷಕರ ಕಡೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡ್ತಾ ನಿಂತಿದ್ರಲ್ಲ, ಜಪಾನ್‌ನವರು ಅವರನ್ನ ತೆಗೀಲಿಲ್ಲ. ಮುಂದುವರೀರಿ ಅಂದ್ರು. 2025ರ ಮಾರ್ಚ್‌ನಲ್ಲಿ 2026ರ ವರ್ಲ್ಡ್ ಕಪ್‌ಗೆ ಆತಿಥೇಯ ದೇಶಗಳನ್ನ ಬಿಟ್ಟು ಎಲ್ಲರಿಗಿಂತ ಮೊದಲು ಕ್ವಾಲಿಫೈ ಆದ್ರು, ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಬ್ರೆಜಿಲ್‌ನ 3-2 ಸೋಲಿಸಿದ್ರು. ಒಬ್ಬ ಅಸಿಸ್ಟೆಂಟ್ ಕೋಚ್ ಆಗ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು ತಯಾರಾಗಿರ್ತಾರೆ. ಸರಪಳಿ ಕಡಿಯೋಕೆ ಬಿಟ್ಟಿಲ್ಲ ಅವರು.

ಈಗ ಒಂದು ಪ್ರಶ್ನೆ. ಸೀನಿಯರ್ ವರ್ಲ್ಡ್ ಕಪ್ ಗೆದ್ದ ಏಷ್ಯಾದ ಕೋಚ್ ಯಾರು? ಹಾಗೆ ಯಾರೂ ಇಲ್ಲ ಅಂತೀರಾ? ಇದ್ದಾರೆ, ನೊರಿಯೊ ಸಸಾಕಿ. 2011, ಜಪಾನ್ ಮಹಿಳಾ ತಂಡ. ಇವರನ್ನ ಯಾವ ಪಟ್ಟಿಯಲ್ಲೂ ಮೇಲೆ ಇಡಲ್ಲ, ಹೆಂಗಸರ ಫುಟ್‌ಬಾಲ್ ತಾನೇ ಅಂತ ಪಕ್ಕಕ್ಕೆ ಸರಿಸ್ತಾರೆ, ಅದನ್ನ ಕೇಳಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಎನ್‌ಟಿಟಿ ಟೆಲಿಫೋನ್ ಕಂಪನಿ ಟೀಮಲ್ಲಿ ಆಡಿ ಬಂದವರು, 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಟೀಮ್‌ನ ನಾಲ್ಕನೇ ಸ್ಥಾನಕ್ಕೆ ತಂದ್ರು. ಅಲ್ಲಿನ ಹುಡುಗೀರಲ್ಲಿ ಎಷ್ಟೋ ಜನ ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸ್ ಮಾಡ್ತಿದ್ದವರು. 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿ, ಜೂನ್ ಕೊನೆಗೆ ಜರ್ಮನಿಯಲ್ಲಿ ವರ್ಲ್ಡ್ ಕಪ್. ಕ್ವಾರ್ಟರ್ ಫೈನಲಲ್ಲಿ ಎದುರಾಳಿ ಜರ್ಮನಿಯೇ, ಹಿಂದಿನ ಎರಡು ವರ್ಲ್ಡ್ ಕಪ್ ಗೆದ್ದವರು. ಮ್ಯಾಚ್ ಮುಂಚೆ ಸಸಾಕಿ ತಂಡಕ್ಕೆ ಸುನಾಮಿ ಹಾಳು ಮಾಡಿದ ಊರುಗಳ ಚಿತ್ರಗಳನ್ನ ತೋರಿಸಿದ್ರು. ಎಕ್ಸ್ಟ್ರಾ ಟೈಮಲ್ಲಿ 1-0. ಸ್ವೀಡನ್ ಮೇಲೆ 3-1. ಫ್ರಾಂಕ್‌ಫರ್ಟ್ ಫೈನಲಲ್ಲಿ ಅಮೆರಿಕ ಎರಡು ಸಲ ಮುಂದೆ ಹೋಯ್ತು, ಎರಡು ಸಲವೂ ಸಮ ಮಾಡಿದ್ರು, ಎರಡನೇದು 117ನೇ ನಿಮಿಷದಲ್ಲಿ ಹೊಮಾರೆ ಸಾವಾ ಹೊಡೆದ ಗೋಲು, ಅದನ್ನ ಇನ್ನೂ ನೋಡಿಲ್ಲ ಅಂದ್ರೆ ಇದನ್ನ ಓದೋದು ನಿಲ್ಸಿ ಹೋಗಿ ನೋಡ್ಕೊಂಡು ಬನ್ನಿ. ಪೆನಾಲ್ಟಿಗೆ ಮುಂಚೆ ಜಪಾನ್ ಗುಂಪಲ್ಲಿ ಸಸಾಕಿ ನಗ್ತಾ ನಿಂತಿದ್ರು, ಹುಡುಗೀರೂ ನಗ್ತಿದ್ರು, ಅಮೆರಿಕದವರ ಮುಖ ಬಿಗಿದುಕೊಂಡಿತ್ತು. 3-1. ಆ ವರ್ಷ ಫಿಫಾದ ಅತ್ಯುತ್ತಮ ಕೋಚ್ ಪ್ರಶಸ್ತಿ ಪುರುಷರ ಕಡೆ ಗಾರ್ಡಿಯೊಲಾಗೆ, ಮಹಿಳೆಯರ ಕಡೆ ಸಸಾಕಿಗೆ. ಮುಂದೆ ಲಂಡನ್ ಒಲಿಂಪಿಕ್ಸಲ್ಲಿ ಬೆಳ್ಳಿ, 2014ರ ಏಷ್ಯನ್ ಕಪ್, 2015ರ ವರ್ಲ್ಡ್ ಕಪ್ ಫೈನಲ್. ಆ ಗೆಲುವಾಗಿ ಹತ್ತು ವರ್ಷಕ್ಕೆ, 2021ರಲ್ಲಿ, ಜಪಾನ್‌ನಲ್ಲಿ ಹೆಂಗಸರಿಗೆ ಪೂರ್ತಿ ಪ್ರೊಫೆಷನಲ್ ಲೀಗ್ ಬಂತು.

ಇನ್ನೊಂದು ನಮ್ಮ ಪಕ್ಕದಲ್ಲೇ ಆದದ್ದು. 2022ರ ಜನವರಿ, ಫೆಬ್ರವರಿಯಲ್ಲಿ ಮಹಿಳಾ ಏಷ್ಯನ್ ಕಪ್ ಅಂಧೇರಿ, ನವಿ ಮುಂಬೈ, ಪುಣೆಯಲ್ಲೇ ನಡೀತು, ಕೋವಿಡ್‌ನಿಂದ ನಮ್ಮ ತಂಡ ಆಟದಿಂದಲೇ ಹೊರಗೆ ಹೋಗ್ಬೇಕಾಯ್ತು, ಆ ನೋವಲ್ಲಿ ಎಷ್ಟೋ ಜನ ಟೂರ್ನಮೆಂಟನ್ನೇ ನೋಡ್ಲಿಲ್ಲ. ಚೀನಾಗೆ ಕೋಚ್ ಶುಯಿ ಚಿಂಗ್‌ಶಿಯಾ, 1996ರ ಒಲಿಂಪಿಕ್ ಬೆಳ್ಳಿ ಗೆದ್ದ ತಂಡದಲ್ಲಿ ಆಡಿದ್ದ ಹೆಂಗಸು, ಕೆಲಸಕ್ಕೆ ಬಂದು ಬರೀ ಎರಡು ಮೂರು ತಿಂಗಳು. ಪುಣೆಯ ಬಾಳೇವಾಡಿಯಲ್ಲಿ ಜಪಾನ್‌ನ ಪೆನಾಲ್ಟಿಯಲ್ಲಿ ಸೋಲಿಸಿದ್ರು. ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಫೈನಲ್, ಹಾಫ್ ಟೈಮಿಗೆ ಕೊರಿಯಾ 2-0 ಮುಂದೆ. ಅವರು ಇಳಿಸಿದ ಚಿಕ್ಕ ಹುಡುಗಿ ಜಾಂಗ್ ಲಿನ್‌ಯಾನ್ ಆಟವನ್ನೇ ಬದಲಾಯಿಸಿಬಿಟ್ಲು, ಪೆನಾಲ್ಟಿಯಿಂದ ಒಂದು, ಅವಳ ಹೆಡ್‌ನಿಂದ ಇನ್ನೊಂದು, ಇಂಜುರಿ ಟೈಮಲ್ಲಿ ಶಿಯಾವೊ ಯೂಯಿ ಮೂರನೇದು, 3-2. ನೆರೂಲ್‌ನಲ್ಲಿ ಮನೆ ಇರೋರು ದಿನಾ ಆ ಸ್ಟೇಡಿಯಂ ಮುಂದೆ ಹೋಗ್ತೀರಲ್ಲ, ಏಷ್ಯಾ ಫುಟ್‌ಬಾಲ್‌ನ ದೊಡ್ಡ ರಾತ್ರಿಗಳಲ್ಲಿ ಒಂದು ನಡೆದ ಜಾಗ ಅದು.

ಇನ್ನು ನಮ್ಮವರು. ಅಮಲ್ ದತ್ತಾ, ಪಿ.ಕೆ. ಇಬ್ಬರ ಪೈಪೋಟಿ ಬಗ್ಗೆಯೇ ಬೇರೆ ಬರೀಬೇಕು, 1997ರ ಜುಲೈ 13ಕ್ಕೆ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 1,30,000ಕ್ಕಿಂತ ಹೆಚ್ಚು ಜನ ಬಂದದ್ದು ಅರ್ಧ ಆ ಇಬ್ಬರು ಕೋಚ್‌ಗಳ ಜಗಳ ನೋಡೋಕೆ, ದತ್ತಾ ಅವರ ಡೈಮಂಡ್ ಪದ್ಧತಿಯ ಮೋಹನ್ ಬಗಾನ್‌ನ ಪಿ.ಕೆ. ಅವರ ಈಸ್ಟ್ ಬೆಂಗಾಲ್ 4-1 ಸೋಲಿಸ್ತು. ಗೋವಾದ ಅರ್ಮಾಂಡೊ ಕೊಲಾಸೊ ಡೆಂಪೊ ಕ್ಲಬ್‌ಗೆ ಐದು ರಾಷ್ಟ್ರೀಯ ಲೀಗ್ ಗೆದ್ದುಕೊಟ್ರು, ಮತ್ತೆ 2008ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್. ಅಷ್ಟು ಗೆದ್ದವರಿಗೆ ಭಾರತ ತಂಡ ಸಿಕ್ಕಿದ್ದು 2011ರಲ್ಲಿ ಸ್ವಲ್ಪ ದಿನ ಮಾತ್ರ.

ಖಾಲಿದ್ ಜಮೀಲ್‌ನ ನಾವು ಮುಂಬೈನವರು ನಮ್ಮವರೇ ಅಂತ ಹೇಳ್ಕೋಬಹುದು. ಹುಟ್ಟಿದ್ದು ಕುವೈತ್‌ನಲ್ಲಾದ್ರೂ ಆಡಿದ್ದು ಮಹೀಂದ್ರಾ, ಏರ್ ಇಂಡಿಯಾ, ಮುಂಬೈ ಎಫ್‌ಸಿಗೆ. ಏಳು ವರ್ಷದ ಹತ್ತಿರ ಮುಂಬೈ ಎಫ್‌ಸಿ ಕೋಚ್ ಆಗಿದ್ರು, ಇದ್ದ ಪುಡಿಗಾಸಲ್ಲಿ ಟೀಮ್ ಕಟ್ಟಿ ಪ್ರತಿ ವರ್ಷ ಲೀಗಲ್ಲಿ ಉಳಿಸ್ಕೊಳ್ಳೋರು, ಕೂಪರೇಜ್ ಟರ್ಫ್ ಪಕ್ಕದಲ್ಲಿ ಸುಮ್ನೆ ನಿಂತಿರ್ತಿದ್ರು. 2016ರಲ್ಲಿ ಅಲ್ಲಿಂದ ಹೊರಗೆ ಬಂದು ಮಿಜೋರಾಂನ ಐಜ್ವಾಲ್‌ಗೆ ಹೋದ್ರು, ಹಿಂದಿನ ವರ್ಷ ಕೆಳಗೆ ಬಿದ್ದು ಆಮೇಲೆ ವಾಪಸ್ ಸೇರಿಸ್ಕೊಂಡಿದ್ದ ಟೀಮ್ ಅದು. ಆ ಟೀಮ್ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದುಬಿಡ್ತು, ಮೋಹನ್ ಬಗಾನ್‌ಗಿಂತ ಒಂದೇ ಪಾಯಿಂಟ್ ಹೆಚ್ಚು! ಈಶಾನ್ಯದಿಂದ ಮೊದಲ ಚಾಂಪಿಯನ್. ಅದೇ ವರ್ಷ ಮುಂಬೈ ಎಫ್‌ಸಿ ಕೊನೇ ಸ್ಥಾನಕ್ಕೆ ಬಿತ್ತು. ಆಮೇಲೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ನಾರ್ತ್ ಈಸ್ಟ್ ಯುನೈಟೆಡ್, ಜಮ್ಶೆಡ್‌ಪುರ, 2025ರ ಆಗಸ್ಟ್‌ನಲ್ಲಿ ಭಾರತದ ಕೋಚ್. ಸುಮಾರು ಹದಿಮೂರು ವರ್ಷ ಆದ್ಮೇಲೆ ಒಬ್ಬ ಭಾರತೀಯನಿಗೆ ಪೂರ್ಣ ಜವಾಬ್ದಾರಿ ಸಿಕ್ತು.

ಮೊದಲ ಟೂರ್ನಿ, ಮಧ್ಯ ಏಷ್ಯಾದವರು ನಡೆಸೋ ಕಾಫಾ ಕಪ್‌ನಲ್ಲಿ ಓಮಾನ್‌ನ ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ. ಅಕ್ಟೋಬರ್‌ನಲ್ಲಿ ಮಡಗಾಂವ್‌ನ ಫತೋರ್ಡಾದಲ್ಲಿ ಸಿಂಗಾಪುರದ ಮೇಲೆ 2-1 ಸೋತು ಏಷ್ಯನ್ ಕಪ್ ದಾರಿ ಮುಚ್ಚಿತು. ಆ ಸೋಲಿಗೆ ನಂಗೂ ನೋವಾಯ್ತು, ಆದ್ರೆ ಮಾರನೇ ದಿನವೇ ಅವರನ್ನ ತೆಗೀರಿ, ಫಾರಿನ್ ಕೋಚ್ ತನ್ನಿ ಅಂತ ಬರೆದವರಿಗೆ ನಾನು ಕೇಳೋದು, ಒಕಾಡಾ ಮೂರೂ ಮ್ಯಾಚ್ ಸೋತ ಮೇಲೂ ಜಪಾನ್ ಅವರನ್ನ ಮತ್ತೆ ಕರೀತಲ್ಲ, ಯಾಕೆ? ಕೋಚ್‌ನೂ ಆಟಗಾರನ ಹಾಗೇ ಬೆಳೆಸ್ಬೇಕು. ಖಾಲಿದ್‌ಗೆ ಕಡಿಮೆ ಅಂದ್ರೆ ನಾಲ್ಕು ವರ್ಷ ಕೊಡಿ, ಅಂಡರ್ 17, ಅಂಡರ್ 23 ಕೋಚ್‌ಗಳು ಅವರ ಜೊತೆ ಕೂತು ಒಂದೇ ರೀತಿ ಕಲಿಸೋ ಹಾಗೆ ಮಾಡಿ, ಆಮೇಲೆ ಲೆಕ್ಕ ಕೇಳಿ.

ಒಂದು ಕೋರಿಕೆ ಇದೆ. 50, 60ರ ದಶಕದಲ್ಲಿ ಮುಂಬೈಗೆ ಹೋಟೆಲ್ ಕೆಲಸಕ್ಕೋ ಮಿಲ್ ಕೆಲಸಕ್ಕೋ ಬಂದು ಕೂಪರೇಜ್‌ನಲ್ಲಿ ರೋವರ್ಸ್ ಕಪ್ ನೋಡಿದ ಅಜ್ಜಂದಿರು ನಿಮ್ಮ ಮನೇಲಿ ಯಾರಾದ್ರೂ ಇದ್ರೆ ಅವರ ಹತ್ರ ಕೂತು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ನಂಗೆ ಕಳಿಸಿ. ಹೈದರಾಬಾದ್ ಪೊಲೀಸ್ ಆಟ ಕಣ್ಣಾರೆ ಕಂಡವರ ಮಾತು ಕನ್ನಡದಲ್ಲಿ ಎಷ್ಟು ಸಿಗುತ್ತೋ ಅಷ್ಟನ್ನೂ ಇಲ್ಲಿ ಹಾಕ್ತೀನಿ. ಬೆಂಗಳೂರ್ ಮುಸ್ಲಿಮ್ಸ್‌ನ 1948ರ ಮ್ಯಾಚ್ ನೋಡಿದವರು ಸಿಕ್ಕಿದ್ರಂತೂ ನಾನೇ ಮನೆಗೆ ಬರ್ತೀನಿ.